ಕ್ಯಾನಿನ ನೀರಿಗೆ ಉಪ್ಪು ಹಾಕಿದವಳು ನಾನೇ

ಹೆಸರು: ಸುಂದ್ರವ್ವ ಗಂಡ ಸಂಗಪ್ಪ ಝಳಕಿ. ವಯಸ್ಸು: ಸುಮಾರು 57 ವರ್ಷ. ಉದ್ಯೋಗ: ಜೋಳದ ರೊಟ್ಟಿ ಮಾಡಿ ಮೆಸ್ಸಿಗೆ ಕೊಡುವುದು. ಓದು ಬರಹ: ಇಲ್ಲ. ವಾಸ: ಖೋಲಿ ನಂ. 14, ಮಾರುತಿ ಚಾಳ, ಮುಲುಂಡ್ ಪಶ್ಚಿಮ, ಮುಂಬಯಿ. ಮೂಲ ಊರು: ಇಂಡಿ ತಾಲೂಕು, ವಿಜಯಪುರ ಜಿಲ್ಲೆ.

ಇಂದು ದಿನಾಂಕ 21-11-2025 ಶುಕ್ರವಾರ ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ, ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ಬೆಳಿಗ್ಗೆ ನನ್ನ ಗಂಡನವರು ಮಷಿನ್‌ನ ಗ್ಯಾಸ್ ತೆಗೆದುಕೊಳ್ಳುವಾಗ ಉಸಿರು ಕಟ್ಟಿ ಆಸ್ಪತ್ರೆ ಸೇರಿದ ವಿಷಯದಲ್ಲಿ, ಆ ಮಷಿನ್‌ನ ನೀರಿಗೆ ಉಪ್ಪು ಹಾಕಿದವಳು ನಾನು. ಈ ಸಂಬಂಧ ನಿನ್ನೆಯಿಂದ ಕರೆಸಿ ಕೇಳುತ್ತಿರುವ, ಈಗಲೂ ಹೊರಗೆ ಬೆಂಚಿನ ಮೇಲೆ ಕೂರಿಸಿರುವ ನಿಖತ ತಂದೆ ಇಮಾಮಸಾಬ ನದಾಫ, ವಯಸ್ಸು 22, ಇವಳಿಗೆ ಉಪ್ಪಿನ ವಿಷಯವೇ ಗೊತ್ತಿಲ್ಲ. ಇಷ್ಟನ್ನು ಮೊದಲು ಬರೆಯಿರಿ, ಉಳಿದದ್ದು ಆಮೇಲೆ ಎಂದು ನಾನು ಹೇಳಿದ್ದರಿಂದ ಮೊದಲೇ ಬರೆಯಲಾಗಿದೆ.

ನನಗೆ ಮರಾಠಿ, ಹಿಂದಿ ಎರಡೂ ಬರುತ್ತವೆ. ಮುಂಬಯಿಗೆ ಬಂದು ಮೂವತ್ತೊಂದು ವರ್ಷವಾಯಿತು. ಜಗಳ ಆಡುವಷ್ಟು ಮರಾಠಿ ಚೆನ್ನಾಗಿಯೇ ಬರುತ್ತದೆ. ಆದರೆ ತಪ್ಪು ಒಪ್ಪಿಕೊಳ್ಳುವುದನ್ನು ನನ್ನ ಮಾತಿನಲ್ಲೇ ಹೇಳುತ್ತೇನೆ ಎಂದು ಕೇಳಿಕೊಂಡೆ. ಹವಾಲ್ದಾರ್ ಶರಣಬಸಪ್ಪನವರು ಅಕ್ಕಲಕೋಟೆ ಕಡೆಯವರು, ಕನ್ನಡ ಶಾಲೆಯಲ್ಲಿ ಕಲಿತವರು. ಅವರೇ ಬರೆದುಕೊಳ್ಳುತ್ತಿದ್ದಾರೆ. ಮರಾಠಿಯಲ್ಲಿ ಬೇರೆ ಪ್ರತಿ ಮಾಡಿಸುತ್ತೇವೆ ಎಂದು ಹೇಳಿದ್ದಾರೆ. ಗಂಡನ ಹೆಸರೇನು ಎಂದು ಅವರು ಕೇಳಿದಾಗ ನಾನು ಬಾಯಿಂದ ಹೇಳದೆ ಆಧಾರ್ ಕಾರ್ಡ್ ತೋರಿಸಿದ್ದೇನೆ.

ನನ್ನ ಗಂಡನವರಿಗೆ ಈಗ 64 ವರ್ಷ. ಪವಾಯಿ ಹಿಂದಿನ ಗುಡ್ಡದಲ್ಲಿ ಕಲ್ಲು ಒಡೆಯುವ ಕೆಲಸದಲ್ಲಿ 19 ವರ್ಷ ಇದ್ದರು. ಆಮೇಲೆ ಬಿಲ್ಡಿಂಗ್ ಒಂದರಲ್ಲಿ ವಾಚ್‌ಮನ್ ಆಗಿದ್ದರು. ಕಲ್ಲಿನ ಧೂಳು ಪುಪ್ಪುಸದಲ್ಲಿ ಕೂತಿದೆ, ಅದು ತೆಗೆಯಲು ಬರುವಂಥದ್ದಲ್ಲ ಎಂದು ಆಸ್ಪತ್ರೆಯವರು ನಾಲ್ಕು ವರ್ಷದ ಹಿಂದೆಯೇ ಹೇಳಿದ್ದಾರೆ. ಖೋಲಿಯಿಂದ ಸಾರ್ವಜನಿಕ ಪಾಯಖಾನೆಗೆ 40 ಹೆಜ್ಜೆ. ಅಷ್ಟು ದೂರಕ್ಕೆ ಅವರು ಎರಡು ಕಡೆ ನಿಲ್ಲುತ್ತಾರೆ. ಹವಾಲ್ದಾರರು ಎಷ್ಟು ಮೀಟರ್ ಎಂದು ಕೇಳಿದರು. ನನಗೆ ಹೆಜ್ಜೆ ಮಾತ್ರ ಗೊತ್ತು, ದಿನಾ ಹಿಂದೆ ನಡೆಯುವವಳು ನಾನು.

ನಾನು ರವಿವಾರಕ್ಕೊಮ್ಮೆ ಪವಾಯಿಯ ಒಬ್ಬ ಮೇಡಂ ಮನೆಗೆ ರೊಟ್ಟಿ ಕೊಡುತ್ತೇನೆ. ಅವರ ತವರು ಹುಬ್ಬಳ್ಳಿ. ದಿನಾಂಕ 05-10-2025 ರಂದು ಅವರು ನನಗೆ ಈ ಮಷಿನ್ ಕೊಟ್ಟರು. ಅವರ ಅತ್ತೆಯವರು ಇದನ್ನು ದಿನಾ ಬಳಸುತ್ತಿದ್ದರು, ಅವರು ತೀರಿಕೊಂಡ ಮೇಲೆ ಸುಮ್ಮನೆ ಕಪಾಟಿನಲ್ಲಿ ಇತ್ತು. ಇದು ಔಷಧಿ ಅಲ್ಲ, ಡಾಕ್ಟರ್ ಕೊಟ್ಟ ಗುಳಿಗೆ, ಉಸಿರಿನ ಪಂಪು ಯಾವುದನ್ನೂ ಬಿಡಿಸಬಾರದು, ಅತ್ತೆಗೆ ಹಾಯೆನಿಸುತ್ತಿತ್ತು ಅಷ್ಟೇ ಎಂದು ಮೇಡಂ ಎರಡು ಸಲ ಹೇಳಿದ್ದಾರೆ. ಅವರ ಮೇಲೆ ಏನೂ ಬರಬಾರದು. ಮಷಿನ್ ದೊಡ್ಡ ಕುಕ್ಕರ್‌ನಷ್ಟು ಇದೆ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ.

ತಂದದ್ದೇನೋ ಆಯಿತು, ನಡೆಸುವುದು ನಮಗೆ ತಿಳಿಯಲಿಲ್ಲ. ಜೊತೆಗಿದ್ದ ಪುಸ್ತಕ ಇಂಗ್ಲಿಷಿನಲ್ಲಿತ್ತು. ನನ್ನ ಮಗ ಸಂದೀಪ, ವಯಸ್ಸು 29, ಗೋಡೌನಿನಲ್ಲಿ ರಾತ್ರಿ ಪಾಳಿ ಮಾಡುತ್ತಾನೆ. ಬೆಳಿಗ್ಗೆ 9 ಕ್ಕೆ ಬಂದು ಮಲಗಿದರೆ ಸಂಜೆಗೆ ಏಳುತ್ತಾನೆ. ಆದ್ದರಿಂದ ಖೋಲಿ ನಂ. 16 ರ ನಿಖತಳನ್ನು ಕರೆದೆ. ಅವಳು ಘಾಟ್ಕೋಪರ್‌ನಲ್ಲಿ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ತಂದೆ ಇಮಾಮಸಾಬ ನಮ್ಮ ತಾಲೂಕಿನವರೇ, ಇಲ್ಲಿ ಚೆಕ್ ನಾಕಾ ಹತ್ತಿರ ಗಾಡಿ ಬ್ಯಾಟರಿ ಅಂಗಡಿಯಲ್ಲಿ ಇದ್ದಾರೆ.

ನಿಖತ ಪುಸ್ತಕವನ್ನು ಪೂರ್ತಿ ಓದಿದಳು. ನೀರು ಹಾಕಿ ಕರೆಂಟ್ ಕೊಟ್ಟರೆ ನೀರು ಒಡೆದು ಹೈಡ್ರೋಜನ್ ಎಂಬ ಗ್ಯಾಸ್ ಆಗುತ್ತದೆ, ಅದು ಗುಳ್ಳೆ ಗುಳ್ಳೆಯಾಗಿ ಒಂದು ಲೋಟದೊಳಗಿಂದ ಹಾದು ನಳಿಗೆಯಲ್ಲಿ ಮೂಗಿಗೆ ಬರುತ್ತದೆ ಎಂದು ತಿಳಿಸಿ ಹೇಳಿದಳು. ನೀರು ಹೇಗೆ ಒಡೆಯುತ್ತದೆ ಎಂದು ನಾನು ಕೇಳಿದೆ. ಹಾಲು ಒಡೆದಾಗ ನೀರು ಬೇರೆ ಗಟ್ಟಿ ಬೇರೆ ಆಗುತ್ತದಲ್ಲ, ಹಾಗೆ ಎಂದಳು. ನನಗೆ ಸರಿಯಾಗಿ ತಿಳಿಯಿತು.

ಅವಳು ನನ್ನನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಾಳೆ. ಅವಳು ನನಗೆ ಎರಡು ನಿಯಮ ಹೇಳಿದ್ದಳು. ಒಂದನೆಯದು, "ಕಾಕು, ಮಷಿನ್ ಬಾಜೂಕ ಬೆಂಕಿ ಬಿಲ್ಕುಲ್ ಬ್ಯಾಡ. ಅಗರಬತ್ತೀನೂ ಬ್ಯಾಡ. ಗ್ಯಾಸ್ ಹೊತ್ಕೋತೈತಿ." ಎರಡನೆಯದು, ಬ್ಯಾಟರಿ ನೀರು ಮಾತ್ರ ಹಾಕಬೇಕು, ನಲ್ಲಿ ನೀರು ಹಾಕಬಾರದು, ಏಕೆಂದರೆ ನಲ್ಲಿ ನೀರಿನಲ್ಲಿ ಕಣ್ಣಿಗೆ ಕಾಣದ ಉಪ್ಪು ಇರುತ್ತದೆ. ನಮ್ಮ ಮುಲುಂಡ್ ನೀರು ಸಕ್ಕರೆಯಂತೆ ಸಿಹಿ ಇದೆ, ಉಪ್ಪು ಎಲ್ಲಿಂದ ಬಂತು ಎಂದು ನಾನು ನಕ್ಕೆ. ಅವಳು ಹೇಳಿದ್ದಳು, ನಾನು ಕೇಳಿದ್ದೆ. ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ಬ್ಯಾಟರಿ ನೀರು ಎಂದರೆ ಆ್ಯಸಿಡ್ ಅಲ್ಲ. ಭಟ್ಟಿ ಇಳಿಸಿದ ಶುದ್ಧ ನೀರು, ಅದರಲ್ಲಿ ಏನೂ ಇರುವುದಿಲ್ಲ. ಬ್ಯಾಟರಿಗೆ ಮೇಲಿಂದ ಹಾಕುತ್ತಾರೆ, ಆದ್ದರಿಂದ ಆ ಹೆಸರು. ಇಮಾಮಸಾಬರು ಎರಡು ವಾರಕ್ಕೆ ಒಂದು 5 ಲೀಟರ್ ಸೀಲ್ ಕ್ಯಾನ್ ತಂದು ಕೊಡುತ್ತಿದ್ದರು.

ದಿನಾಂಕ 06-10-2025 ರಿಂದ ದಿನಾ ಬೆಳಿಗ್ಗೆ 7 ರಿಂದ 8 ರವರೆಗೆ ನಿಖತ ಬಂದು ಮಷಿನ್ ನಡೆಸುತ್ತಿದ್ದಳು. ನಾನು 5 ಗಂಟೆಗೆ ಸ್ಟೋವ್ ಹಚ್ಚಿದರೆ 6-50 ಕ್ಕೆ ಆರಿಸಿ, ಬಾಗಿಲು ಕಿಟಕಿ ತೆರೆದು, ರೊಟ್ಟಿ ಬುಟ್ಟಿ ತೆಗೆದುಕೊಂಡು ಮೆಸ್ಸಿಗೆ ಹೋಗುತ್ತಿದ್ದೆ. ಅವಳು ಒಂದು ತಾಸು ಪೂರ್ತಿ ನನ್ನ ಗಂಡನವರ ಪಕ್ಕದಲ್ಲೇ ಕೂರುತ್ತಿದ್ದಳು. ಅವರು ಅವಳಿಗೆ ಕನ್ನಡ ಕಲಿಸುತ್ತಿದ್ದರು. ಗುಳ್ಳೆ ಎಂಬ ಮಾತನ್ನು ಅವಳು ಅಲ್ಲೇ ಕಲಿತದ್ದು. ಆ ಮಷಿನ್‌ನಿಂದ ಗುಣ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಮೂರು ವಾರದಲ್ಲಿ ಅವರು ಒಂದು ರೊಟ್ಟಿಯ ಜಾಗದಲ್ಲಿ ಎರಡು ತಿನ್ನಲು ಹತ್ತಿದರು. ದಿನಾ ಒಂದು ತಾಸು ಒಂದು ಹುಡುಗಿ ಕೂತು ಮಾತಾಡಿಸಿದ್ದರಿಂದಲೂ ಇರಬಹುದು.

ಚಾಳಿನವರೆಲ್ಲ ಮಷಿನ್ ನೋಡಲು ಬಂದರು. ದಿನಾಂಕ 18-11-2025 ಮಂಗಳವಾರ ಬೆಳಿಗ್ಗೆ, ಗಲ್ಲಿಯ ಮೂಲೆಯಲ್ಲಿ ಇಡ್ಲಿ ಗಾಡಿ ಇಟ್ಟಿರುವ ದೂಜ ಬಂದಿದ್ದ. ಅವನು ಮಂಗಳೂರು ಕಡೆಯವನು. "ನಿಮ್ಮ ಯಜಮಾನ್ರು ಒಳ್ಳೆ ಕೆಂಪು ಕೆಂಪು ಆಗಿದ್ದಾರೆ ಮಾರಾಯ್ರೆ, ಮದುಮಗನ ಹಾಗೆ" ಎಂದ. ಮರುದಿನ ಬುಧವಾರ ಲೋಟದಲ್ಲಿ ಗುಳ್ಳೆ ಕಡಿಮೆ ಬಂದವು. ಒಳಗೆ ತೊಳೆಯಬೇಕಾಗಿದೆ, ರವಿವಾರ ತೊಳೆಯುತ್ತೇನೆ ಎಂದು ನಿಖತ ಹೇಳಿದಳು. ನನಗೆ ಹಾಗೆ ಅನಿಸಲಿಲ್ಲ. ದೂಜನ ದೃಷ್ಟಿ ತಾಗಿದೆ ಎಂದು ಅನಿಸಿತು. ಅದೇ ದೂಜ ಗುರುವಾರ ನನ್ನ ಗಂಡನವರನ್ನು ಎತ್ತಿಕೊಂಡು ಓಡಿದವನು. ಅವನ ಬಗ್ಗೆ ಹಾಗೆ ಅಂದುಕೊಂಡದ್ದಕ್ಕೆ ನನಗೆ ನಾಚಿಕೆಯಾಗಿದೆ.

ದೃಷ್ಟಿಯ ವಿಷಯ ಹೇಳಿಕೆಯಲ್ಲಿ ಬೇಡ ಎಂದು ಹವಾಲ್ದಾರರು ಪೆನ್ನು ಕೆಳಗಿಟ್ಟರು. "ಇಂಥಾದ್ದೆಲ್ಲಾ ಬರೀಲಿಕ್ಕೆ ಬರಂಗಿಲ್ಲ ಯವ್ವಾ" ಎಂದರು. "ಹಂಗಾದ್ರ ಮಷಿನ್ ನೀರಾಗ ಉಪ್ಪು ಯಾಕ ಬಂತು ಅಂತ ನಿಮ್ಮ ಸಾಹೇಬ್ರು ಕೇಳಿದ್ರ ಏನ್ ಹೇಳ್ತೀರಿ?" ಎಂದು ನಾನು ಕೇಳಿದೆ. ಅವರು ಬರೆದುಕೊಂಡರು.

ನಮ್ಮ ಮನೆಯಲ್ಲಿ ದೃಷ್ಟಿ ತೆಗೆಯುವುದು ಹೀಗೆ. ಉಪ್ಪು, ಒಣ ಮೆಣಸಿನಕಾಯಿ, ಸಾಸಿವೆ ಮುಷ್ಟಿಯಲ್ಲಿ ಹಿಡಿದು ನಿವಾಳಿಸಿ ಒಲೆಗೆ ಹಾಕುತ್ತೇವೆ. ಮೆಣಸಿನಕಾಯಿ ಘಾಟು ಬರದಿದ್ದರೆ ದೃಷ್ಟಿ ಇತ್ತು ಎಂದು ಲೆಕ್ಕ. ಆದರೆ ಮಷಿನ್ ಹತ್ತಿರ ಬೆಂಕಿ ಬೇಡ ಎಂದು ನಿಖತ ಹೇಳಿದ್ದಳು. ಖೋಲಿ ಇರುವುದೇ 10 ಅಡಿಗೆ 12 ಅಡಿ. ಒಲೆಗೂ ಮಷಿನ್‌ಗೂ 6 ಅಡಿ ಅಂತರ. ಮೆಣಸಿನ ಘಾಟು ನನ್ನ ಗಂಡನವರ ಎದೆಗೂ ಆಗುವುದಿಲ್ಲ. ಬೆಂಕಿಗೆ ಹಾಕಲಾಗದವರು ಬರೀ ಉಪ್ಪು ನಿವಾಳಿಸಿ ನೀರಿಗೆ ಹಾಕುವುದೂ ಉಂಟು. ಉಪ್ಪು ಕರಗಿದ ಹಾಗೆ ದೃಷ್ಟಿ ಕರಗುತ್ತದೆ. ಆ ನೀರನ್ನು ಹೊತ್ತು ಹುಟ್ಟುವ ಮೊದಲು ಮೂರು ದಾರಿ ಕೂಡುವಲ್ಲಿ ಚೆಲ್ಲಿ, ಹಿಂದೆ ನೋಡದೆ ಬರಬೇಕು. ಯಾರೂ ನೋಡಬಾರದು, ಯಾರಿಗೂ ಹೇಳಬಾರದು. ಹುಡುಗಿ ಹೇಳಿದ ನಿಯಮವನ್ನೂ ಪಾಲಿಸಿದೆ, ನಮ್ಮ ಪದ್ಧತಿಯನ್ನೂ ಬಿಡಲಿಲ್ಲ ಎಂದು ಆಗ ನನಗೆ ಬಹಳ ಸಮಾಧಾನವಾಗಿತ್ತು.

ದಿನಾಂಕ 19-11-2025 ಬುಧವಾರ ಸಂಜೆ 6-45 ಕ್ಕೆ, ಅಮಾವಾಸ್ಯೆ ಹಿಡಿದಿತ್ತು. ಸಂದೀಪ ಕೆಲಸಕ್ಕೆ ಹೊರಟುಹೋಗಿದ್ದ. ನನ್ನ ಗಂಡನವರು ಕಾಟಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ನಾನು ಒಂದು ಮುಷ್ಟಿ ಹರಳುಪ್ಪು ತೆಗೆದುಕೊಂಡು ಅವರಿಗೂ ಮಷಿನ್‌ಗೂ ಸೇರಿಸಿ ಏಳು ಸಲ ನಿವಾಳಿಸಿದೆ. ತಾಗಿದ್ದು ಮಷಿನ್‌ಗೆ, ಆದ್ದರಿಂದ ಮಷಿನ್‌ನ ನೀರಿನಲ್ಲೇ ಕರಗಲಿ ಎಂದು ಬ್ಯಾಟರಿ ನೀರಿನ ಕ್ಯಾನಿಗೆ ಉಪ್ಪು ಹಾಕಿ ಮುಚ್ಚಳ ತಿರುಗಿಸಿದೆ. ಕ್ಯಾನಿನ ತಳದಲ್ಲಿ ಸುಮಾರು ಒಂದು ಲೀಟರ್ ನೀರು ಉಳಿದಿತ್ತು. ಗುರುವಾರ ಹೊಸ ಕ್ಯಾನ್ ಬರುವ ದಿನ. ಈ ನೀರು ಹೇಗೂ ಬೇಕಾಗುವುದಿಲ್ಲ ಎಂದು ತಿಳಿದಿದ್ದೆ. ಕ್ಯಾನನ್ನು ಅದರ ಜಾಗದಲ್ಲೇ, ಮಷಿನ್ ಪಕ್ಕದಲ್ಲಿ ಇಟ್ಟೆ.

ದಿನಾಂಕ 20-11-2025 ಗುರುವಾರ ಬೆಳಿಗ್ಗೆ 4-50 ಕ್ಕೆ ಎದ್ದೆ. ಕ್ಯಾನ್ ತೆಗೆದುಕೊಂಡು ಹೋಗಬೇಕು ಎನ್ನುವಷ್ಟರಲ್ಲಿ ನಲ್ಲಿಗೆ ನೀರು ಬಂತು ಎಂದು ಕೂಗಿದರು. ದಿನಾ 5-30 ಕ್ಕೆ ಬರುವ ನೀರು ಅಂದು 25 ನಿಮಿಷ ಮುಂಚೆ ಬಂದಿತ್ತು. ನಾಲ್ಕು ಹಂಡೆ ತುಂಬಿದೆ. ಆಮೇಲೆ ರೊಟ್ಟಿಗೆ ಕೂತೆ. 80 ರೊಟ್ಟಿ ಆಗಬೇಕಿತ್ತು. ರೊಟ್ಟಿ ಮುಗಿಸಿ ನೋಡಿದರೆ ಬಿಸಿಲು ಬಿದ್ದಿತ್ತು, ಗಲ್ಲಿಯಲ್ಲಿ ಜನ ಓಡಾಡುತ್ತಿದ್ದರು. ಈಗ ಚೆಲ್ಲಿದರೆ ಎಲ್ಲರೂ ನೋಡುತ್ತಾರೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಚೆಲ್ಲಿದರಾಯಿತು ಎಂದು ಬಿಟ್ಟೆ. ಹೊರಡುವಾಗ 6-55 ಕ್ಕೆ ಬಾಗಿಲಲ್ಲಿ ನಿಖತ ಎದುರಾದಳು. ಅವಳ ಕೈಯಲ್ಲಿ ಹೊಸ ಕ್ಯಾನ್ ಇರಲಿಲ್ಲ. ಅದನ್ನು ನಾನು ಗಮನಿಸಲಿಲ್ಲ, ನನ್ನ ತಲೆಯ ಮೇಲೆ ಬುಟ್ಟಿ ಇತ್ತು. ಅವಳು ಕಾಕು ಎಂದಳು, ನಾನು ಹ್ಞೂಂ ಎಂದೆ. ಅಷ್ಟೇ ಮಾತು. ಅಲ್ಲಿ ನಿಂತು ಒಂದು ಮಾತು ಹೇಳಿದ್ದರೆ ನಾನು ಇಂದು ಇಲ್ಲಿ ಇರುತ್ತಿರಲಿಲ್ಲ, ಅವಳೂ ಇರುತ್ತಿರಲಿಲ್ಲ.

ಮುಂದಿನದು ನಾನು ಕಣ್ಣಾರೆ ಕಂಡದ್ದಲ್ಲ, ನಿಖತ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಹೇಳುವಾಗ ಕೇಳಿದ್ದು ಮತ್ತು ದೂಜ ಹೇಳಿದ್ದು. 7-05 ಕ್ಕೆ ನಿಖತ ಕ್ಯಾನಿನ ನೀರನ್ನು ಮಷಿನ್‌ಗೆ ಹಾಕಿ, ನಳಿಗೆ ಅವರ ಮೂಗಿಗೆ ಇಟ್ಟು, ಬಟನ್ ಒತ್ತಿದಳು. ಅಂದು ಗುಳ್ಳೆ ಎಂದೂ ಇಲ್ಲದಷ್ಟು ಜೋರಾಗಿ ಬಂದವು. ನನ್ನ ಗಂಡನವರು ಖುಷಿಪಟ್ಟು, "ನೋಡವಾ, ಇವತ್ತ ಕುದಿಯಾಕ ಹತ್ತೈತಿ" ಎಂದರು. ನಿಖತ ಮಾತ್ರ ಇದು ಸರಿ ಇಲ್ಲ ಎಂದು ಬಗ್ಗಿ ಲೋಟ ನೋಡಿದಳು. ಮೋರಿಗೆ ಹಾಕುವ ಬಿಳಿ ಪುಡಿಯಂಥ ವಾಸನೆ ಬಂತು. ಅವರಿಗೆ ಕೆಮ್ಮು ಹತ್ತಿ ಉಸಿರು ಸಿಗದಾಯಿತು. ಅವಳು ನಳಿಗೆ ಕಿತ್ತು ಹಾಕಿ, ಪ್ಲಗ್ ಕಿತ್ತು, ಅವರ ಕಂಕುಳಲ್ಲಿ ಕೈ ಹಾಕಿ ಬಾಗಿಲವರೆಗೆ ಎಳೆದುಕೊಂಡು ಬಂದಳು. ಅವಳ ತೂಕ 45 ಕಿಲೋ ಇರಬಹುದು. ಅಲ್ಲಿಂದ ಅವಳು ಕೂಗಿದ್ದು ಕೇಳಿ ದೂಜ ಗಾಡಿ ಬಿಟ್ಟು ಓಡಿ ಬಂದ.

ನಾನು 7-40 ಕ್ಕೆ ಖಾಲಿ ಬುಟ್ಟಿ ಹಿಡಿದು ಗಲ್ಲಿಗೆ ಬಂದೆ. ಜನ ಸೇರಿದ್ದರು. ಆಟೋ ಸಿಗುವುದು ತಡವಾಗಿ, ಆಗ ತಾನೇ ನನ್ನ ಗಂಡನವರನ್ನು ಅದರಲ್ಲಿ ಕೂರಿಸುತ್ತಿದ್ದರು. ಅವರ ಹಣೆಗೆ ಹಚ್ಚಲು ಕುಂಕುಮ ತರಲು ಖೋಲಿಯೊಳಗೆ ಹೋದೆ. ನೆಲದ ಮೇಲೆ ಕ್ಯಾನ್ ಅಡ್ಡ ಬಿದ್ದಿತ್ತು, ಖಾಲಿ ಇತ್ತು. ಆ ಕ್ಷಣವೇ ನನಗೆ ತಿಳಿಯಿತು. ಆಮೇಲೆ ತಿಳಿಯಿತು ಎಂದು ಬರೆಯಬೇಡಿ. ಆ ಕ್ಷಣವೇ ತಿಳಿಯಿತು.

8-10 ಕ್ಕೆ ಆಸ್ಪತ್ರೆ ತಲುಪಿದೆವು. ಲೇಡಿ ಡಾಕ್ಟರ್ ಯಂತ್ರಕ್ಕೆ ಏನು ಹಾಕಿದ್ದಿರಿ ಎಂದು ಕೇಳಿದರು. ನಿಖತ ಬ್ಯಾಟರಿ ನೀರು ಎಂದಳು. ಬೇರೆ ಏನಾದರೂ ಸೇರಿತ್ತೇ, ನೆನಪು ಮಾಡಿಕೊಂಡು ಹೇಳು, ಅದರ ಮೇಲೆ ಉಪಚಾರ ಇದೆ ಎಂದು ಅವರು ಮತ್ತೆ ಕೇಳಿದರು. ಏನೂ ಇಲ್ಲ ಎಂದಳು. ನಾನು ಅವಳಿಂದ ಎರಡು ಅಡಿ ದೂರದಲ್ಲಿ ಗೋಡೆ ಹಿಡಿದು ನಿಂತಿದ್ದೆ. ನಾನು ಬಾಯಿ ಇರುವ ಹೆಂಗಸು. ಮೆಸ್ಸಿನ ಮಾಲಕ ರೊಟ್ಟಿ ತೆಳುವಾಗಿದೆ ಎಂದರೆ ಅವನ ತವಾದ ಮೇಲೆಯೇ ತಟ್ಟಿ ತೋರಿಸಿ ಬರುವವಳು. ಅಲ್ಲಿ ನನಗೆ ಬಾಯಿ ಬರಲಿಲ್ಲ. ಡಾಕ್ಟರ್ ವಾಸನೆಯ ಮೇಲೆಯೇ ಇದು ಕ್ಲೋರಿನ್ ಗ್ಯಾಸ್ ಎಂದು ಗುರುತು ಹಿಡಿದು ಉಪಚಾರ ಮಾಡಿದರು. ನಳಿಗೆ ಬೇಗ ಕಿತ್ತಿದ್ದರಿಂದ ಉಳಿದರು, ಇನ್ನೂ ಐದು ನಿಮಿಷವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು.

9-30 ಕ್ಕೆ ಸಂದೀಪ ಪಾಳಿಯಿಂದ ನೇರ ಆಸ್ಪತ್ರೆಗೆ ಬಂದ. ನೀರು ಎಲ್ಲಿಯದು ಎಂದು ಕೇಳಿದ. ಬ್ಯಾಟರಿ ಅಂಗಡಿಯದು ಎಂದು ಗೊತ್ತಾದಾಗ, "ಬ್ಯಾಟರಿ ಅಂಗಡ್ಯಾಗ ಆ್ಯಸಿಡ್ ಇರ್ತೈತಿ" ಎಂದ. ನನ್ನ ಮಗ ಸುಳ್ಳು ಹೇಳಿಲ್ಲ. ಕ್ಯಾನ್ ಇಮಾಮಸಾಬರ ಅಂಗಡಿಯದು, ನೀರು ಹಾಕಿದವಳು ನಿಖತ, ಆಗ ಖೋಲಿಯಲ್ಲಿ ಬೇರೆ ಯಾರೂ ಇರಲಿಲ್ಲ ಎಂದು ಮಧ್ಯಾಹ್ನ 3 ಕ್ಕೆ ಆಸ್ಪತ್ರೆಗೆ ಬಂದ ಪೊಲೀಸರಿಗೆ ಹೇಳಿದ. ಮೂರೂ ನಿಜ. ನಾಲ್ಕನೆಯ ನಿಜ ಅವನ ಹಿಂದೆ ಸ್ಟೂಲಿನ ಮೇಲೆ ಕೂತಿತ್ತು.

ಸಂಜೆ 4 ರಿಂದ 5-45 ರವರೆಗೆ ನಿಖತಳನ್ನು ಠಾಣೆಯಲ್ಲಿ ವಿಚಾರಿಸಿ, ಅವಳ ಮೊಬೈಲ್ ಇಟ್ಟುಕೊಂಡು, ಇಂದು ಬೆಳಿಗ್ಗೆ 10 ಕ್ಕೆ ಮತ್ತೆ ಬರಲು ಹೇಳಿ ಕಳಿಸಿದರೆಂದು ತಿಳಿಯಿತು. ಅಂಗಡಿಯ ಮಾಲಕ ಇಮಾಮಸಾಬರಿಗೆ ಇದು ಮುಗಿಯುವವರೆಗೆ ಬರಬೇಡಿ ಎಂದಿದ್ದಾನೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನಿಖತಳಿಗೆ ಏರ್‌ಪೋರ್ಟಿನಲ್ಲಿ ಕೌಂಟರ್ ಕೆಲಸ ಸಿಕ್ಕಿದೆ. ಇದೇ ಠಾಣೆಯಿಂದ ಪೊಲೀಸ್ ವೆರಿಫಿಕೇಶನ್ ಕಾಗದ ಹೋಗಬೇಕು. ಸೋಮವಾರ ದಿನಾಂಕ 24 ಕೊನೆಯ ದಿನ. ಕೇಸಿನಲ್ಲಿ ಅವಳ ಹೆಸರು ಬಂದರೆ ಆ ಕಾಗದ ಹೋಗುವುದಿಲ್ಲ. ಈ ವಿಷಯ ನನಗೆ ಮೊದಲಿನಿಂದ ಗೊತ್ತು. ಕೆಲಸದ ಸುದ್ದಿ ಬಂದ ದಿನ ಅವಳು ಮೊದಲು ಹೇಳಿದ್ದು ನಮ್ಮ ಮನೆಯಲ್ಲೇ, ನಾನೇ ಅವಳ ಬಾಯಿಗೆ ಬೆಲ್ಲ ಹಾಕಿದ್ದೆ.

ಸಂಜೆ 7 ಗಂಟೆಗೆ ನಾನು ಬಟ್ಟೆ ತೆಗೆದುಕೊಳ್ಳಲು ಖೋಲಿಗೆ ಬಂದಾಗ ನಿಖತಳ ತಾಯಿ ಹಸೀನಾ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. "ಅಣ್ಣಾರ ಹೆಂಗದಾರ?" ಎಂದು ಕೇಳಿದಳು. ಅದಾರ ಎಂದೆ. ಉಂಡಿಯಾ ಎಂದು ಕೇಳಿದಳು. ಇಲ್ಲ ಎಂದೆ. ಅನ್ನ, ಸಾರು ಕಳಿಸಿದಳು. ಮಗಳ ಸುದ್ದಿ ಒಂದು ಮಾತೂ ತೆಗೆಯಲಿಲ್ಲ. ಬೈದಿದ್ದರೆ ನಾನು ಅಲ್ಲೇ ಹೇಳಿಬಿಡುತ್ತಿದ್ದೆನೋ ಏನೋ. ಆ ಅನ್ನ ನನ್ನಿಂದ ಉಣ್ಣಲು ಆಗಲಿಲ್ಲ, ಚೆಲ್ಲಲೂ ಆಗಲಿಲ್ಲ.

ಇಂದು ಬೆಳಿಗ್ಗೆ 8 ಕ್ಕೆ ಆಸ್ಪತ್ರೆಯಲ್ಲಿ ನನ್ನ ಗಂಡನವರು ಆಕ್ಸಿಜನ್ ಮಾಸ್ಕ್ ಬದಿಗೆ ಸರಿಸಿ ಮಾತಾಡಿದರು. ಹುಡುಗಿ ಎಲ್ಲಿ ಎಂದು ಕೇಳಿದರು. ಠಾಣೆಗೆ ಕರೆದಿದ್ದಾರೆ ಎಂದು ಹೇಳಿ, ಅವರ ಕಾಲ ಹತ್ತಿರ ಕೂತು ಉಪ್ಪಿನ ವಿಷಯ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. ಬುಧವಾರ ಸಂಜೆ ನಾನು ಉಪ್ಪನ್ನು ಕ್ಯಾನಿಗೆ ಹಾಕುವುದನ್ನು ಅವರು ಕಣ್ಣು ಅರ್ಧ ತೆರೆದು ನೋಡಿದ್ದರು. ದೃಷ್ಟಿ ತೆಗೆದದ್ದನ್ನು ಹೇಳಬಾರದು ಎಂದು ಗುರುವಾರ ಬೆಳಿಗ್ಗೆ ನಿಖತಳಿಗೆ ಹೇಳಲಿಲ್ಲ, ಒಂದು ಮುಷ್ಟಿ ಉಪ್ಪು ಏನು ಮಾಡೀತು ಎಂದುಕೊಂಡರಂತೆ. ಆಮೇಲೆ ಡಾಕ್ಟರ್ ಕೇಳಿದಾಗಲೂ, ಪೊಲೀಸರು ಕೇಳಿದಾಗಲೂ ಮಾಸ್ಕ್ ಇದೆ, ಮಾತು ಬರುವುದಿಲ್ಲ ಎಂದು ಕೈ ಮಾಡಿದರು. ಅವರಿಗೆ ಮಾತು ಬರುತ್ತಿತ್ತು.

ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಅವರು ಅಂದದ್ದನ್ನು ಹಾಗೆಯೇ ಬರೆಯಿರಿ. "ನಾ ನಿನ್ನ ಸಲುವಾಗಿ ಸುಮ್ನಿದ್ದೆ. ನೀ ಯಾರ ಸಲುವಾಗಿ ಸುಮ್ನಿದ್ದಿ?" ಎಂದರು. ಮಾಸ್ಕ್ ಮತ್ತೆ ಹಾಕಿಕೊಂಡು ಗೋಡೆ ಕಡೆ ತಿರುಗಿದರು. ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವರು ನನಗೆ ಅಷ್ಟು ಕಟುವಾಗಿ ಎಂದೂ ಮಾತಾಡಿರಲಿಲ್ಲ. ನಾನು ಅಲ್ಲಿಂದ 9-50 ಕ್ಕೆ ಹೊರಟು, ಕೆಳಗೆ ಚಹಾ ಅಂಗಡಿಯಲ್ಲಿ ಇದ್ದ ಸಂದೀಪನಿಗೆ ವಿಷಯ ಹೇಳಿ, ಅವನನ್ನೂ ಕರೆದುಕೊಂಡು ನಡೆದೇ ಠಾಣೆಗೆ ಬಂದೆ. ದಾರಿಯಲ್ಲಿ ಅವನು ಒಂದೇ ಮಾತು ಕೇಳಿದ. ನಿನ್ನೆ ನಾನು ಪೊಲೀಸರ ಮುಂದೆ ಹೇಳುವಾಗ ನೀನು ಅಲ್ಲೇ ಇದ್ದೆಯಲ್ಲ ಎಂದು. ಹೌದು ಎಂದೆ.

ನನ್ನ ಗಂಡನವರ ಜೀವ ತೆಗೆಯುವ ಯೋಚನೆ ನನಗೆ ಇರಲಿಲ್ಲ. ಅವರು ಉಸಿರಾಡಲಿ ಎಂದೇ ಎಲ್ಲಾ ಮಾಡಿದ್ದು. ಆದರೆ ಆಸ್ಪತ್ರೆಯಲ್ಲಿ ಬಾಯಿ ಮುಚ್ಚಿ ನಿಂತದ್ದನ್ನು ಅವರ ಸಲುವಾಗಿ ಮಾಡಿದೆ ಎಂದು ಹೇಳಲಾರೆ. ಅದು ನನ್ನ ಸಲುವಾಗಿಯೇ ಮಾಡಿದ್ದು. ಗಂಡನಿಗೆ ವಿಷ ಹಾಕಿದವಳು ಎಂದು ಚಾಳಿನವರು ಅಂದಾರು, ಇನ್ನು ನನ್ನ ಕೈ ರೊಟ್ಟಿ ಯಾರು ತಿಂದಾರು ಎಂದು ಅಂಜಿದೆ. ಈ ಹೇಳಿಕೆಯಿಂದ ನನ್ನ ಮೇಲೆ ಕೇಸ್ ಆಗಬಹುದು, ಅದು ಸಾಹೇಬರ ತೀರ್ಮಾನ ಎಂದು ಹವಾಲ್ದಾರರು ತಿಳಿಸಿ ಹೇಳಿದ್ದಾರೆ. ಆಗಲಿ. ಯಾವ ಕಾಗದದಲ್ಲಾದರೂ ನಿಖತಳ ಹೆಸರು ಬಂದಿದ್ದರೆ ತೆಗೆಯಬೇಕು, ಅವಳ ವೆರಿಫಿಕೇಶನ್ ಸೋಮವಾರದ ಒಳಗೆ ಕಳಿಸಬೇಕು, ಇಮಾಮಸಾಬರ ಅಂಗಡಿ ಮಾಲಕನಿಗೆ ಠಾಣೆಯಿಂದಲೇ ಒಂದು ಮಾತು ಹೇಳಬೇಕು ಎಂದು ಕೇಳಿಕೊಳ್ಳುತ್ತೇನೆ.

ನನಗೆ ಓದಲು ಬಾರದ್ದರಿಂದ ಈ ಹೇಳಿಕೆಯನ್ನು ನನಗೆ ಓದಿ ಹೇಳಬೇಕಾಗಿತ್ತು. ಒಳಗೆ ಬೇಡ, ಹೊರಗೆ ಬೆಂಚಿನ ಹತ್ತಿರ ಓದಿರಿ ಎಂದೆ. ನಿಖತಳಿಗೆ ಕನ್ನಡ ಓದಲು ಬರುವುದಿಲ್ಲ, ಕೇಳಿದರೆ ತಿಳಿಯುತ್ತದೆ. ಹಾಗೆಲ್ಲ ಓದುವ ರೂಢಿ ಇಲ್ಲ ಎಂದು ಹವಾಲ್ದಾರರು ಹೇಳಿದರು. ಆದರೂ ಹೊರಗೆ ಬಂದು, 12-05 ರಿಂದ 12-25 ರವರೆಗೆ ಮೇಲಿನ ಎಲ್ಲವನ್ನೂ ನಿಖತ ಮತ್ತು ಸಂದೀಪ ಇಬ್ಬರೂ ಕೇಳುವಂತೆ ಓದಿದರು. ನಾನು ನಿಂತೇ ಇದ್ದೆ.

ಓದಿ ಮುಗಿದ ಮೇಲೆ ನಿಖತ ನಿನ್ನೆಯ ಬಗ್ಗೆ ನನ್ನನ್ನು ಕೇಳಿದಳು. "ಕಲ್ ಯಾಕ ಹೇಳ್ಲಿಲ್ಲ? ನಾ ನಿಮ್ಮ ಬಾಜೂಕ ನಿಂತಿದ್ದೆ." ಅಂಜಿದೆ ಎಂದು ಹೇಳಬಹುದಿತ್ತು, ಅದು ಮೇಲೆ ಬರೆದೂ ಇದೆ. ಆದರೆ ಅಂಜಿಕೆ ಅವಳಿಗೂ ಇತ್ತು. ಅಂಜುತ್ತಲೇ ಅವಳು ನಳಿಗೆ ಕಿತ್ತಳು. ಅಂಜಿಕೆ ನನಗೆ ನೆಪ ಆಗಬಾರದು ಎಂದು ಬರೆದುಕೊಳ್ಳಬೇಕು ಎಂದು ಹವಾಲ್ದಾರರಿಗೆ ಹೇಳಿದ್ದೇನೆ. ಅವಳಿಗೂ ಅಷ್ಟೇ ಹೇಳಿದೆ.

ಮೇಲೆ ಬರೆದದ್ದೆಲ್ಲ ನಾನು ನನ್ನ ಬಾಯಿಂದ ಹೇಳಿದ್ದು. ಯಾರೂ ಹೆದರಿಸಿ ಹೇಳಿಸಿಲ್ಲ, ಯಾರೂ ಕಲಿಸಿ ಕಳಿಸಿಲ್ಲ. ಕಂಡದ್ದನ್ನು ಕಂಡದ್ದೆಂದು, ಕೇಳಿದ್ದನ್ನು ಕೇಳಿದ್ದೆಂದು ಹೇಳಿದ್ದೇನೆ. ಓದಿದ್ದನ್ನು ಕೇಳಿದ್ದೇನೆ, ಸರಿ ಇದೆ, ನಿಜ ಇದೆ.

ಹೆಬ್ಬೆಟ್ಟು ಒತ್ತುವವರಿಗೆ ಗುರುತಿನವರೊಬ್ಬರು ಸಹಿ ಮಾಡಬೇಕು ಎಂದು ಹವಾಲ್ದಾರರು ಹೇಳಿದರು. ಸಂದೀಪ ಪೆನ್ನು ತೆಗೆದುಕೊಳ್ಳಲು ಮುಂದೆ ಬರಲಿಲ್ಲ. ನಿಖತ ಎದ್ದು ಬಂದು ಪೆನ್ನು ತೆಗೆದುಕೊಂಡಳು. ಇವರು ನಿನಗೇನಾಗಬೇಕು ಎಂದು ಹವಾಲ್ದಾರರು ಕೇಳಿದರು. ಅವಳು ಬರೆಸಿದ್ದನ್ನು ಕೆಳಗೆ ನಮೂದಿಸಲಾಗಿದೆ.

ಸ್ಥಳ: ಮುಲುಂಡ್, ಮುಂಬಯಿ
ದಿನಾಂಕ: 21-11-2025, ಮಧ್ಯಾಹ್ನ 12-40

ಸುಂದ್ರವ್ವ ಗಂಡ ಸಂಗಪ್ಪ ಝಳಕಿ, ಎಡಗೈ ಹೆಬ್ಬೆಟ್ಟಿನ ಗುರುತು

ಬರೆದುಕೊಂಡವರು: ಶರಣಬಸಪ್ಪ, ಹವಾಲ್ದಾರ್

ಗುರುತಿಸಿ ಸಹಿ ಮಾಡಿದವರು: ನಿಖತ ಇಮಾಮಸಾಬ ನದಾಫ
ಹೇಳಿಕೆ ಕೊಟ್ಟವರು ಇವರಿಗೆ ಏನಾಗಬೇಕು: ಕಾಕು